ಗುಮಾಸ್ತರು ‘ಇರಿ’ ಅಂದದ್ದು

ಬಾಗಿಲು ಬಡಿದವರಿಗೆ ಒಳಗಿನಿಂದ ‘ಯಾರು?’ ಅನ್ನಬಹುದಿತ್ತು. ‘ಯಾರು ಬೇಕಿತ್ತು?’ ಅನ್ನಬಹುದಿತ್ತು. ಏನೂ ಅನ್ನದೆ ಮುಸುಕು ಹೊದ್ದು ಮಲಗಿದ್ದರಂತೂ ಇನ್ನೂ ಒಳ್ಳೆಯದಿತ್ತು. ನಮ್ಮ ಗುಮಾಸ್ತರು ಅಂದದ್ದು ‘ಇರಿ’ ಎಂದು. ಎರಡೇ ಅಕ್ಷರ. ಅಷ್ಟಕ್ಕೇ, ಮೂವತ್ತು ವರ್ಷ ದುಡಿದು ಕೊಂಡ ಮನೆಯಲ್ಲಿ ಅವರಿಗೆ ಈಗ ನಲವತ್ತೊಂದು ದಿನಗಳಿಂದ ಕಾಲು ಚಾಚಲು ಜಾಗವಿಲ್ಲ.

ಹಾಗೆಂದು ಅವರನ್ನು ಬೈದೂ ಪ್ರಯೋಜನವಿಲ್ಲ. ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಯೊಂದಿರುತ್ತದಲ್ಲ, ಅದರ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತವರು ಅವರು. ‘ನನ್ನ ಕೊಡೆ ಸಿಕ್ತಾ?’ ಎಂದು ಏದುಸಿರು ಬಿಡುತ್ತ ಬಂದವರಿಗೆ ‘ಇರಿ’. ‘ನನ್ನ ಸೂಟ್‌ಕೇಸು?’ ಎಂದು ಕಣ್ಣೀರಿಟ್ಟವರಿಗೂ ‘ಇರಿ’. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಗಾಲು ಎಳೆಯುವಂತಾಯಿತು, ನಾಲಿಗೆ ದಪ್ಪವಾಯಿತು, ಕೆಲಸ ಹೋಯಿತು. ಬುದ್ಧಿಗೆ ಏನೂ ಆಗಿರಲಿಲ್ಲ. ಮಾತು ಮಾತ್ರ ಒಂದೊಂದೇ ಶಬ್ದವಾಗಿ ಬರುತ್ತಿತ್ತು. ಮಿಕ್ಕವು ಹಿಂದಿನ ಬಸ್ಸಿಗೆ ಬರುತ್ತಿದ್ದವು.

ಆ ದಿನ ಅವರು ಹೇಳಹೊರಟದ್ದು ‘ಇರಿ, ಕಾಲು ಸರಿಯಿಲ್ಲ, ನಿಧಾನಕ್ಕೆ ಬರ್ತೀನಿ, ಯಾರು ಅಂತ ಮೊದಲು ಹೇಳಿ’ ಎಂದು. ಬಂದದ್ದು ಮೊದಲನೆಯ ಶಬ್ದ. ಬಾಗಿಲು ತೆರೆದಾಗ ಮೂವರು ನಿಂತಿದ್ದರು. ಮುಂದಿದ್ದವನು ನಗುಮುಖದ ದಪ್ಪ ಆಸಾಮಿ. ಉಳಿದಿಬ್ಬರು ಅವನನ್ನು ಅಣ್ಣ ಎಂದು ಕರೆಯುತ್ತಿದ್ದರು. ಅವನ ಹಿಂದೆ ಗುಂಗುರು ಕೂದಲಿನವನೊಬ್ಬ, ಅವನ ಹಿಂದೆ ಸದಾ ಕೆಮ್ಮುವವನೊಬ್ಬ. ಗುಂಗುರು ಮತ್ತು ಕೆಮ್ಮು ಎಂದೇ ಅವರಿಬ್ಬರ ಹೆಸರು.

“ಮಾವ, ಈ ಬ್ಯಾಗು ಒಂದು ಗಂಟೆ ನಿಮ್ಮನೇಲಿ ಇಟ್ಟುಹೋಗಬಹುದಾ?” ಎಂದು ಅಣ್ಣ ಕೇಳಿದ. ಬ್ಯಾಗು ಕಂಡರೆ ಗುಮಾಸ್ತರ ಕೈ ತಾನಾಗಿ ಮುಂದೆ ಚಾಚುತ್ತದೆ. ತೆಗೆದುಕೊಂಡು, ಚೀಟಿ ಬರೆದು, ಹಿಡಿಗೆ ಕಟ್ಟಿ, ಮೂಲೆಯಲ್ಲಿಟ್ಟು ತಿರುಗಿ ನೋಡುವಷ್ಟರಲ್ಲಿ ಮೂವರೂ ಒಳಗೆ ಕೂತಿದ್ದರು. ಗಂಟೆಯಾಯಿತು, ಎರಡಾಯಿತು. ಗುಮಾಸ್ತರು ಬಾಗಿಲ ಕಡೆ ಕೈ ತೋರಿಸಿದರು.

“ಇರಿ ಅಂದ್ರಲ್ಲ ಮಾವ!” ಅಣ್ಣ ಕಣ್ಣೊರೆಸಿಕೊಂಡ. “ಇಷ್ಟು ಮರ್ಯಾದೆಯಿಂದ ನಮಗೆ ಯಾರೂ ಇರಿ ಅಂದಿರ್ಲಿಲ್ಲ. ನಿಮ್ಮ ಮಾತು ತೆಗೆದುಹಾಕೋಕಾಗತ್ತಾ? ಇರ್ತೀವಿ.”

ಇದ್ದರು. ಮೊದಲ ವಾರ ಕೋಣೆ ಹೋಯಿತು, ಎರಡನೆಯ ವಾರ ಹಜಾರ. ಬೀಗದ ಕೈ ಅಣ್ಣನ ಜೇಬು ಸೇರಿತು. ಫೋನೂ ಅವನ ಹತ್ತಿರವೇ. ದೂರದಲ್ಲಿದ್ದ ಅಕ್ಕ ಕರೆ ಮಾಡಿದರೆ “ಮಾವ ಮಲಗಿದಾರೆ, ಆರಾಮಾಗಿದಾರೆ, ನಾವು ನೋಡ್ಕೊಳ್ತಾ ಇದೀವಿ” ಎಂಬ ಉತ್ತರ. ಅಕ್ಕನಿಗೆ ಇವರು ಸರ್ಕಾರ ಕಳಿಸಿದ ಆರೈಕೆಯವರು. ಅಕ್ಕಪಕ್ಕದವರಿಗೆ ಅಕ್ಕನ ಮಕ್ಕಳು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವುದು ಹೊಸ ಸಂಗತಿಯೇನಲ್ಲ. ಆದರೆ ಹಾವು ಅಕ್ಕಪಕ್ಕದ ಹುತ್ತದವರ ಹತ್ತಿರ ಶಹಭಾಸ್ ಅನ್ನಿಸಿಕೊಂಡದ್ದನ್ನು ಗುಮಾಸ್ತರು ಇಲ್ಲಿಯೇ ನೋಡಿದ್ದು.

ಅವರ ಕಸುಬು ಮೊಬೈಲು ಫೋನಿನದು. ಬೆಳಗ್ಗೆ ಬರಿಗೈಯಲ್ಲಿ ಹೋಗಿ ಮಧ್ಯಾಹ್ನ ಹತ್ತು ಹನ್ನೆರಡು ಫೋನು ತರುತ್ತಿದ್ದರು. “ಯಾರದ್ದು?” ಎಂದು ಗುಮಾಸ್ತರು ಒಮ್ಮೆ ಕೇಳಿದ್ದರು. “ಬಿಟ್ಟುಹೋಗಿದ್ದು ಮಾವ. ಜನಕ್ಕೆ ಜವಾಬ್ದಾರಿನೇ ಇಲ್ಲ” ಎಂದಿದ್ದ ಗುಂಗುರು. ಕದ್ದದ್ದೆಂದು ಗುಮಾಸ್ತರಿಗೆ ಗೊತ್ತಾಗದೆ ಇರಲಿಲ್ಲ. ಆದರೂ ಚೀಟಿಯಿಲ್ಲದೆ ಬಿದ್ದ ಸಾಮಾನನ್ನು ನೋಡಿ ಸುಮ್ಮನಿರುವುದು ಅವರಿಂದಾಗಲಿಲ್ಲ. ‘ನೀಲಿ ಕವಚ, ಬಲಮೂಲೆ ಒಡೆದಿದೆ, ಪರದೆಯ ಮೇಲೆ ಮಗುವಿನ ಚಿತ್ರ, ಬಂದ ತಾರೀಕು ಇಂತಿಷ್ಟು’ ಎಂದು ಒಂದೊಂದಕ್ಕೂ ಚೀಟಿ ಬರೆದು, ದಾರ ಕಟ್ಟಿ, ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟರು. ಕಳೆದುಕೊಂಡವರು ಒಂದಲ್ಲ ಒಂದು ದಿನ ಕೇಳಿಕೊಂಡು ಬರುತ್ತಾರೆ ಎಂಬ ನಂಬಿಕೆ ಮೂವತ್ತು ವರ್ಷದಲ್ಲಿ ಮೂಳೆಗೆ ಇಳಿದಿತ್ತು. ಮಾರುವಾಗ ಹುಡುಕುವುದು ಸುಲಭವಾಯಿತೆಂದು ಕಳ್ಳರೂ ಬೇಡವೆನ್ನಲಿಲ್ಲ.

ಅಣ್ಣ ಆಗಾಗ ಗುಮಾಸ್ತರ ಹೆಗಲ ಮೇಲೆ ಕೈಹಾಕಿ “ಮನೆ ಕಾಗದ ಎಲ್ಲಿಟ್ಟಿದೀರ ಮಾವ? ಭದ್ರವಾಗಿರ್ಲಿ ಅಂತ ಕೇಳ್ದೆ ಅಷ್ಟೇ” ಅನ್ನುತ್ತಿದ್ದ. ಆ ಕೈ ಬಹಳ ಭಾರವಾಗಿತ್ತು. ಗುಮಾಸ್ತರು ಕಿವಿ ಕೇಳಿಸದವರ ಹಾಗೆ ಗೋಡೆ ನೋಡುತ್ತಿದ್ದರು. ಕಾಗದ ಸುರುಳಿ ಸುತ್ತಿಕೊಂಡು ಬಾಗಿಲ ಹಿಂದಿನ ಹಳೆಯ ಕೊಡೆಯೊಳಗಿತ್ತು. ಹಳೆಯ ಕೊಡೆಯನ್ನು ಮರೆಯುವವರು ಸಾವಿರ ಜನ, ಕದಿಯುವವರು ಯಾರೂ ಇಲ್ಲ ಎಂಬುದು ಅವರ ನೌಕರಿಯ ಅನುಭವ.

ಇಷ್ಟೆಲ್ಲ ಆದರೂ ಒಂದು ಮಂಚ ಅವರಿಗೆ ಉಳಿದಿತ್ತು. ಅದು ಕೋಣೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಸರಿದಿತ್ತು, ಅವರೂ ಅದರ ಜೊತೆ ಸರಿದಿದ್ದರು. ಇವತ್ತು ಬೆಳಗ್ಗೆ ಅದೂ ಹೋಯಿತು.

“ಇವನಿಗೆ ಎದೆ ಹಿಡ್ಕೊಂಡಿದೆ ಮಾವ, ನೆಲದ ಥಂಡಿ ಆಗಲ್ಲ” ಎಂದು ಅಣ್ಣ ಕೆಮ್ಮಿನವನ ಬೆನ್ನು ಸವರಿದ. “ನೀವು ಬಚ್ಚಲ ಮುಂದೆ ಚಾಪೆ ಹಾಕ್ಕೊಳ್ಳಿ. ರಾತ್ರಿ ಎದ್ದು ಹೋಗೋಕೂ ನಿಮಗೆ ಹತ್ತಿರ.”

ಗುಮಾಸ್ತರು ಮಂಚ ನೋಡಿದರು, ಕೆಮ್ಮಿನವನನ್ನು ನೋಡಿದರು. ಅವನ ಕೆಮ್ಮು ನಿಜಕ್ಕೂ ಚೆನ್ನಾಗಿರಲಿಲ್ಲ. ಆದರೆ ನಲವತ್ತೊಂದು ದಿನಗಳಿಂದ ಅವರು ಒಂದು ದಿನವೂ ಸರಿಯಾಗಿ ಕಣ್ಣುಮುಚ್ಚಿರಲಿಲ್ಲ. ಜಗತ್ತಿನಲ್ಲಿ ಅವರಿಗೆ ಬೇಕಾಗಿದ್ದದ್ದು ಇಷ್ಟೇ: ತನ್ನ ಮನೆ, ತನ್ನ ಕೋಣೆ, ತನ್ನ ಮಂಚ, ಒಂದು ನಿದ್ದೆ. ಕೊಡೆ ತೆಗೆದುಕೊಂಡರು.

“ಎಲ್ಲಿಗೆ?”

“ಮಾತ್ರೆ.”

“ಬೇಗ ಬನ್ನಿ ಮಾವ, ನೀವಿಲ್ದೆ ಮನೆ ಮನೆ ಥರ ಇರಲ್ಲ,” ಎಂದ ಅಣ್ಣ. ಆಮೇಲೆ ದನಿ ತಗ್ಗಿಸಿ, “ದಾರೀಲಿ ಯಾರ ಹತ್ರಾನೂ ಮಾತಾಡಿ ನಾಲಿಗೆಗೆ ಆಯಾಸ ಮಾಡ್ಕೋಬೇಡಿ” ಎಂದ.

ಮೆಟ್ಟಿಲ ಮೇಲೆ ಎದುರು ಮನೆಯ ಟೀಚರಮ್ಮ ಸಿಕ್ಕರು. ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿ ನಿವೃತ್ತರಾದವರು. ಮಕ್ಕಳು ಸಿಗದ ಮೇಲೆ ಸಿಕ್ಕವರಿಗೆಲ್ಲ ಕಲಿಸುತ್ತಿದ್ದರು.

“ಏನ್ ಗುಮಾಸ್ತರೇ, ಅಳಿಯಂದಿರು ಹೇಗಿದಾರೆ? ನಿನ್ನೆ ನನ್ನ ಗ್ಯಾಸ್ ಸಿಲಿಂಡರು ಮೂರು ಮಹಡಿ ಹೊತ್ತು ತಂದ್ಕೊಟ್ರು. ಇಂಥ ಮಕ್ಕಳು ಈಗ ಎಲ್ಲಿ ಸಿಗ್ತಾರೆ!”

“ಅಳಿಯ… ಅಲ್ಲ.”

“ಅಲ್ಲ ಅಂದ್ರೆ? ಅಕ್ಕನ ಮಕ್ಕಳು ಸೋದರಳಿಯಂದಿರೇ ಆಗಬೇಕು.”

“ಅಕ್ಕನಿಗೆ… ಮಕ್ಕಳೇ… ಇಲ್ಲ.”

ಟೀಚರಮ್ಮ ಕೈಚೀಲ ಕೆಳಗಿಟ್ಟರು. “ಮತ್ತೆ ಯಾರ್ರೀ ಅವರು?”

ಆ ಶಬ್ದ ಹೊರಬರಲು ಗುಮಾಸ್ತರು ನಾಲ್ಕು ಮೆಟ್ಟಿಲು ಇಳಿಯಬೇಕಾಯಿತು. “ಕಳ್ಳರು.”

“ರಾಮ ರಾಮ! ಕಳ್ಳರನ್ನ ಯಾಕ್ರೀ ಮನೆಗೆ ಸೇರಿಸ್ಕೊಂಡ್ರಿ?”

“ಇರಿ… ಅಂದೆ.”

ಟೀಚರಮ್ಮನ ಕಣ್ಣು ಹೊಳೆಯಿತು. ಒಂದು ಕ್ರಿಯಾಪದದಿಂದ ಒಂದು ಮನೆ ಹಾಳಾದದ್ದನ್ನು ಅವರು ವೃತ್ತಿಜೀವನದಲ್ಲಿ ಕಂಡಿರಲಿಲ್ಲ. “ನಡೀರಿ ಪೊಲೀಸ್ ಸ್ಟೇಷನ್ನಿಗೆ. ನಿಮ್ಮ ಪರವಾಗಿ ನಾನು ಮಾತಾಡ್ತೀನಿ” ಎಂದರು. ಅಲ್ಲಿಗೆ ಎರಡನೆಯ ತಪ್ಪು ನಡೆದುಹೋಯಿತು.

ಸ್ಟೇಷನ್ನಿನಲ್ಲಿ ದೂರು ಬರೆದುಕೊಳ್ಳುವ ಪೇದೆಯನ್ನು ರೈಟರ್ ಎನ್ನುತ್ತಾರೆ. ಆ ರೈಟರು ತಲೆಯೆತ್ತದೆ “ಇರಿ” ಎಂದರು. ಗುಮಾಸ್ತರಿಗೆ ಆ ಮಾತಿನ ಬೆಲೆ ಗೊತ್ತಿತ್ತು. ಒಂದು ಗಂಟೆ ಬೆಂಚಿನ ಮೇಲೆ ಕೂತರು. ಫ್ಯಾನು ಕರಕರ ಎನ್ನುತ್ತಿತ್ತು. ಅವರ ಕಣ್ಣು ಎಳೆದಾಗಲೆಲ್ಲ ಟೀಚರಮ್ಮ ಮೊಣಕೈಯಿಂದ ತಿವಿದರು.

“ಹೇಳಿ. ಬೀಗ ಒಡೆದ್ರಾ?” ಎಂದು ಕಳ್ಳರ ದೂರು ಕೇಳಿ ರೈಟರು ಕೊನೆಗೆ ಪೆನ್ನು ಎತ್ತಿಕೊಂಡರು.

“ಇಲ್ಲ.”

“ಕಿಟಕಿ ಮುರಿದ್ರಾ? ನಿಮಗೆ ಹೊಡೆದ್ರಾ?”

“ಇಲ್ಲ.”

“ಮತ್ತೆ ಹೇಗೆ ಒಳಗೆ ಬಂದ್ರು?”

“ನಾನು… ಇರಿ… ಅಂದೆ.”

ರೈಟರು ಪೆನ್ನು ಕೆಳಗಿಟ್ಟರು. “ಇರಿ ಅಂದ್ರಿ, ಇದಾರೆ. ಇದರಲ್ಲಿ ಅಪರಾಧ ಏನಿದೆ? ಈಗ ನಾನು ನಿಮಗೆ ಇರಿ ಅಂದೆ, ನೀವು ಒಂದು ಗಂಟೆ ಇದ್ರಿ. ನಿಮ್ಮ ಮೇಲೆ ಕೇಸು ಹಾಕ್ಲಾ?”

ಟೀಚರಮ್ಮನಿಗೆ ತಡೆಯಲಾಗಲಿಲ್ಲ. “ಏನ್ರೀ ಹಾಗಂದ್ರೆ? ಶಬ್ದದ ಅರ್ಥ ಸಂದರ್ಭದ ಮೇಲೆ ಹೋಗತ್ತೆ. ‘ಇರಿ’ ಅಂದ್ರೆ ಸ್ವಲ್ಪ ತಡೀರಿ ಅಂತಲೂ ಆಗತ್ತೆ, ಇಲ್ಲೇ ವಾಸ ಮಾಡಿ ಅಂತಲೂ ಆಗತ್ತೆ. ಅಷ್ಟೇ ಯಾಕೆ, ಚಾಕು ಹಾಕು ಅಂತಲೂ ಆಗತ್ತೆ! ಇರಿ, ಇರಿದನು, ಇರಿತ. ಒಂದು ಮಾತಿಗೆ ಮೂರು ಅರ್ಥ. ನೀವು ಶಾಲೆಗೆ ಹೋಗಿದ್ರಾ ಇಲ್ವಾ?”

ಶಾಲೆಯ ಮಾತೆತ್ತಿದ್ದು ರೈಟರಿಗೆ ನಾಟಿತು. ಅವರು ಮೂರು ಅರ್ಥಗಳನ್ನೂ ಮನಸ್ಸಿನಲ್ಲೇ ತೂಗಿ ನೋಡಿದರು. ಮೊದಲೆರಡಕ್ಕೆ ಕಾನೂನಿನಲ್ಲಿ ಕಲಮು ಇರಲಿಲ್ಲ. ಮೂರನೆಯದಕ್ಕೆ ಇತ್ತು. ಅದರ ಅಡಿಯಲ್ಲೇ ದೂರು ಬರೆದುಕೊಂಡು ಒಳಗೆ ಕಳಿಸಿದರು.

ಎರಡು ನಿಮಿಷದಲ್ಲಿ ಇನ್ಸ್‌ಪೆಕ್ಟರು ಟೋಪಿ ಹಾಕಿಕೊಳ್ಳುತ್ತಲೇ ಹೊರಗೆ ಬಂದರು. ಕೈಯಲ್ಲಿದ್ದ ಕಾಗದವನ್ನು ಗಟ್ಟಿಯಾಗಿ ಓದಿದರು: “‘ಫಿರ್ಯಾದುದಾರರು ಬಾಗಿಲಲ್ಲಿ ನಿಂತ ಮೂವರಿಗೆ ಇರಿ ಎಂದು ಹೇಳಿದ್ದು, ಸದರಿ ಮೂವರೂ ಅದರಂತೆ ನಡೆದುಕೊಂಡಿರುತ್ತಾರೆ.’ ಏನ್ರೀ ಯಜಮಾನ್ರೇ, ನೋಡಿದ್ರೆ ಪಾಪದವರ ಥರ ಕಾಣ್ತೀರ! ಎಲ್ಲಿದೆ ಅದು?”

“ಮನೇಲಿ… ಇದ್ದಾರೆ.”

“ಯಾವಾಗಿನಿಂದ?”

“ನಲವತ್ತೊಂದು… ದಿನ.”

“ನಲವತ್ತೊಂದು ದಿನದಿಂದ ಮನೇಲಿ ಇಟ್ಕೊಂಡಿದೀರಾ? ವಾಸನೆ ಬಂದಿಲ್ವಾ?”

ಗುಮಾಸ್ತರಿಗೆ ಗುಂಗುರುವಿನ ಕಾಲುಚೀಲ ನೆನಪಾಯಿತು. “ಬರತ್ತೆ” ಎಂದು ಪ್ರಾಮಾಣಿಕವಾಗಿ ಹೇಳಿದರು.

ಜೀಪು ಹೊರಟಿತು. ಮೂರು ಮಹಡಿ ಹತ್ತುವಷ್ಟರಲ್ಲಿ ಹಿಂದೆ ಅರ್ಧ ಕಟ್ಟಡ ಹತ್ತಿತ್ತು. ಅಣ್ಣ ನಗುತ್ತಲೇ ಬಾಗಿಲು ತೆರೆದ. ಪೇದೆಯೊಬ್ಬ ನೇರವಾಗಿ ಅಡುಗೆಮನೆಗೆ ನುಗ್ಗಿದವನು “ಸಾರ್, ಇಲ್ಲಿದೆ!” ಎಂದು ಕೂಗಿದ. ಮಂಚದ ಮೇಲೆ ತಲೆಯಿಂದ ಕಾಲವರೆಗೆ ಹೊದಿಕೆ ಎಳೆದ ಆಕೃತಿಯೊಂದು ಅಲುಗದೆ ಮಲಗಿತ್ತು. ಇನ್ಸ್‌ಪೆಕ್ಟರು ಟೋಪಿ ತೆಗೆದರು. ಪೇದೆ ಮೂಗು ಮುಚ್ಚಿಕೊಂಡು ಹೊದಿಕೆಯ ತುದಿ ಎತ್ತಿದ. ಆಕೃತಿ ಅವನ ಮುಖಕ್ಕೆ ಕೆಮ್ಮಿತು. ಪೇದೆ ಹಿಂದಕ್ಕೆ ಹಾರಿದ ರಭಸಕ್ಕೆ ಅಡುಗೆಮನೆಯ ಪಾತ್ರೆಯೆಲ್ಲ ನೆಲಕ್ಕೆ ಬಂತು.

“ಹೆಣ ಎಲ್ಲಿ?” ಎಂದು ಇನ್ಸ್‌ಪೆಕ್ಟರು ಗುಡುಗಿದರು.

“ಯಾವ ಹೆಣ ಸಾರ್? ಮಾವನಿಗೆ ತಲೆ ಸ್ವಲ್ಪ ಹಾಗೇ…” ಎಂದು ಅಣ್ಣ ಕರುಣೆಯಿಂದ ಗುಮಾಸ್ತರ ಕಡೆ ನೋಡಿದ. ಇನ್ಸ್‌ಪೆಕ್ಟರು ರೈಟರನ್ನು ಮನಸ್ಸಿನಲ್ಲಿ ಬೈಯುತ್ತ ಹೊರಡಲು ತಿರುಗಿದರು. ಗುಮಾಸ್ತರು ಬಾಗಿಲಿಗೆ ಕೊಡೆ ಅಡ್ಡ ಹಿಡಿದರು. ಈಗ ಇವರು ಹೋದರೆ ಇನ್ನು ಬಚ್ಚಲ ಮುಂದಿನ ಚಾಪೆಯೇ ಗತಿ. ಅಷ್ಟರಲ್ಲಿ ಕಪಾಟಿನೊಳಗೆ ಒಂದು ಫೋನು ಹಾಡಿತು. ಅದನ್ನು ಕೇಳಿ ಮತ್ತೊಂದು ಬಡಿದುಕೊಂಡಿತು.

ಕಪಾಟು ತೆರೆದರೆ ಅರವತ್ತಮೂರು ಫೋನು. ಒಂದೊಂದಕ್ಕೂ ಚೀಟಿ, ದಾರ, ತಾರೀಕು, ಗುರುತು. ಇನ್ಸ್‌ಪೆಕ್ಟರು ಒಂದೊಂದೇ ಚೀಟಿ ಓದುತ್ತ ಮೈಮರೆತರು. “ನಮ್ಮ ಸ್ಟೇಷನ್ನಿನ ಜಪ್ತಿ ಸಾಮಾನಿನ ಕೋಣೆ ಒಂದು ದಿನಾನೂ ಹೀಗಿರ್ಲಿಲ್ಲ” ಎಂದು ನಿಟ್ಟುಸಿರುಬಿಟ್ಟು, “ಯಾರ ಕೈಬರಹ ಇದು?” ಎಂದರು.

“ಗುಮಾಸ್ತರದ್ದು!” ಎಂದರು ಟೀಚರಮ್ಮ ಹೆಮ್ಮೆಯಿಂದ. “ಒತ್ತಕ್ಷರ ನೋಡಿ, ಎಷ್ಟು ದುಂಡಗಿದೆ.”

“ಎಲ್ಲ ಮಾವನೇ ನೋಡ್ಕೊಳ್ಳೋದು ಸಾರ್. ನಾವು ತರೋದಷ್ಟೇ” ಎಂದು ಅಣ್ಣ ತಕ್ಷಣ ಸೇರಿಸಿದ.

ಬಾಗಿಲಲ್ಲಿ ನಿಂತಿದ್ದ ಕಟ್ಟಡದ ಕಾರ್ಯದರ್ಶಿಗಳು ತಲೆಯಾಡಿಸಿದರು. ಹೋದ ವಾರ ಅವರ ನೀರಿನ ಪಂಪು ಕೆಟ್ಟಾಗ ಗುಂಗುರುವೇ ಸರಿಮಾಡಿಕೊಟ್ಟಿದ್ದ. “ನನಗೆ ಮೊದಲಿಂದ್ಲೂ ಅನುಮಾನ ಇತ್ತು. ಮಾತು ಕಡಿಮೆ ಆಡೋ ಮನುಷ್ಯನನ್ನ ನಂಬಬಾರದು” ಎಂದು ಗುಮಾಸ್ತರನ್ನು ದುರುಗುಟ್ಟಿ ನೋಡಿದರು.

“ನಡೀರಿ ಎಲ್ರೂ ಮಾವನ ಮನೆಗೆ” ಎಂದ ಪೇದೆ.

“ಮಾವನ ಮನೇಲೇ ಇದೀವಲ್ಲ ಸಾರ್?” ಎಂದ ಗುಂಗುರು.

“ಇದು ಸೋದರಮಾವನ ಮನೆ ಕಣೋ. ಅಲ್ಲಿರೋದು ಹೆಣ್ಣು ಕೊಟ್ಟ ಮಾವ. ಉಪಚಾರ ಜೋರಾಗಿರತ್ತೆ.”

ಹೀಗೆ ನಾಲ್ವರೂ ಮೆಟ್ಟಿಲಿಳಿದು ಒಂದೇ ಜೀಪಿನಲ್ಲಿ ಹೋದರು. ಗಡಿಬಿಡಿಯಲ್ಲಿ ಗುಮಾಸ್ತರ ಕನ್ನಡಕ ಮನೆಯಲ್ಲೇ ಉಳಿಯಿತು. ಕೊಡೆಯನ್ನು ಮಾತ್ರ ಅವರು ಬಿಡಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಸೇರಿಕೊಂಡವರನ್ನು ಮನೆಯಿಂದ ಎಬ್ಬಿಸಿ ನೋಡು ಎಂದು ಅವರು ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ.

ಅದೃಷ್ಟಕ್ಕೆ ಇನ್ಸ್‌ಪೆಕ್ಟರು ಬುದ್ಧಿಯಿದ್ದವರು. ದಾರಿಯಲ್ಲಿ ಇನ್ನಷ್ಟು ಚೀಟಿ ಓದಿದ ಮೇಲೆ ತಲೆ ಕೆರೆದುಕೊಂಡರು. “ಕಳ್ಳ ಯಾವತ್ತೂ ಕದ್ದ ತಾರೀಕು ಬರೆದಿಡಲ್ಲ. ಯಜಮಾನ್ರೇ, ನೀವು ಆರೋಪಿ ಅಲ್ಲ, ಸಾಕ್ಷಿ. ಕೋರ್ಟಿಗೆ ಬನ್ನಿ, ಬೇಗ ಮುಗಿಸಿ ಮನೆಗೆ ಹೋಗಿ ಮಲಗಿ” ಎಂದರು. ‘ಮಲಗಿ’ ಎಂಬ ಮಾತು ಕೇಳಿ ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಆ ಮಾತನ್ನು ಅವರಿಗೆ ಯಾರಾದರೂ ಹೇಳಿ ಬಹಳ ದಿನವಾಗಿತ್ತು.

ಕೋರ್ಟಿನ ಮೊಗಸಾಲೆಯಲ್ಲಿ ಒಂದೇ ಬೆಂಚು. ಕಳ್ಳರೂ ಸಾಕ್ಷಿಯೂ ಅದರಲ್ಲೇ ಕೂತರು. ಕೆಮ್ಮಿನವನು ಗುಮಾಸ್ತರ ಹೆಗಲಿಗೆ ತಲೆಯಿಟ್ಟು ನಿದ್ದೆಹೋದ. ಇವನಿಗೆ ಇಲ್ಲಿಯೂ ನಿದ್ದೆ ಬಂತು, ನನಗಿಲ್ಲ ಎಂದು ಗುಮಾಸ್ತರಿಗೆ ಅಸೂಯೆಯಾಯಿತು. ಮಧ್ಯಾಹ್ನ ಇಳಿಯುತ್ತಿರುವಾಗ ಬಣ್ಣಗೆಟ್ಟ ಕರಿಕೋಟಿನ ವಕೀಲರೊಬ್ಬರು ಬಂದು ಅವರನ್ನು ಪಕ್ಕಕ್ಕೆ ಕರೆದರು.

“ಯಜಮಾನ್ರೇ, ಆ ಮನೆ ಯಾರದ್ದು?”

“ನನ್ನದು.”

“ಅದಕ್ಕೆ ಕಾಗದ ಇದೆಯಾ? ಅಥವಾ ಸುಮ್ಮನೆ ಬಾಯಿಮಾತಾ?”

ಗುಮಾಸ್ತರು ಸುತ್ತ ನೋಡಿದರು. ಬೆನ್ನು ತಿರುಗಿಸಿ ನಿಂತು ಕೊಡೆ ಬಿಚ್ಚಿದರು. ಸುರುಳಿ ನೋಡಿ ವಕೀಲರ ಮುಖ ಅರಳಿತು. “ಅಪ್ಪಟ ಬಂಗಾರ! ಇದನ್ನ ಕೊಡೆಯಲ್ಲಿ ಇಡ್ತಾರೇನ್ರೀ? ಕೋರ್ಟಿನ ಕಪಾಟಿನಲ್ಲಿ ಇಟ್ರೆ ಯಾವ ಕಳ್ಳನ ಕೈಯೂ ಅಲ್ಲಿಗೆ ಹೋಗಲ್ಲ. ಮನೆ ನಿಮ್ಮದು ಅಂತ ದಾಖಲೆಯೂ ಆಗತ್ತೆ. ಅರ್ಜಿ ಬರೆದು ತಂದಿದೀನಿ, ಕೇಳಿ, ಓದ್ತೀನಿ: ‘ಸದರಿ ಮನೆಯ ಏಕೈಕ ಹಾಗೂ ಸಂಪೂರ್ಣ ಮಾಲೀಕನಾದ ನಾನು…’ ಸರೀನಾ?”

“ಇನ್ನೊಮ್ಮೆ” ಎಂದರು ಗುಮಾಸ್ತರು.

“‘ಏಕೈಕ ಹಾಗೂ ಸಂಪೂರ್ಣ ಮಾಲೀಕನಾದ ನಾನು.’”

ನಲವತ್ತೊಂದು ದಿನ ಚಾಪೆಯಂತೆ ಸುತ್ತಿ ಮೂಲೆ ಸೇರಿಸಿದ್ದ ಮನುಷ್ಯನಿಗೆ ಆ ವಾಕ್ಯ ಮುಗಿಯುವುದೇ ಬೇಡವಾಗಿತ್ತು. ಕೆಳಗೆ ಇನ್ನೂ ಏನೇನೋ ಸಣ್ಣ ಅಕ್ಷರದಲ್ಲಿತ್ತು, ಕನ್ನಡಕವಿಲ್ಲದೆ ಕಾಣಲಿಲ್ಲ. ಬೇಕೆಂದೂ ಅನ್ನಿಸಲಿಲ್ಲ. ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು. ಕಾಗದ ಕೊಟ್ಟು ರಸೀದಿ ಪಡೆದರು. ಆಮೇಲೆ ವಕೀಲರು ಅವರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು.

“ಸಹಿ ನಿಮ್ಮದೇನಾ? ಸ್ವಂತ ಇಚ್ಛೆಯಿಂದ ಹಾಕಿದ್ರಾ?”

“ಹೌದು.” ಮೂರು ವರ್ಷದಲ್ಲಿ ಅಷ್ಟು ಸ್ಪಷ್ಟವಾಗಿ ಅವರು ಏನನ್ನೂ ಹೇಳಿರಲಿಲ್ಲ.

“ಈ ಮೂವರು ನಿಮಗೆ ಗೊತ್ತಾ? ನಿಮ್ಮ ಮನೇಲೇ ಇದ್ದವರಾ?”

“ಹೌದು.”

ನ್ಯಾಯಾಧೀಶರು ಏನೋ ಬರೆದು ಪಕ್ಕಕ್ಕಿಟ್ಟರು. ಮುಂದಿನ ಕೇಸು ಕೂಗಿದರು. ಗುಮಾಸ್ತರು ಬರಿಯ ಕೊಡೆ ಹಿಡಿದು ಹೊರಗೆ ಬಂದರು. ಬಿಸಿಲು ಇಳಿದಿತ್ತು. ನಾಲ್ಕು ಬೀದಿ ನಡೆದರೂ ಕಾಲು ನೋಯಲಿಲ್ಲ.

ಪೊಲೀಸರು ಬಾಗಿಲು ತೆರೆದೇ ಬಿಟ್ಟು ಹೋಗಿದ್ದರಿಂದ ಟೀಚರಮ್ಮ ಅಲ್ಲೇ ಕುರ್ಚಿ ಹಾಕಿಕೊಂಡು ಕಾವಲಿದ್ದರು. “ಮುಗೀತಾ?” ಎಂದರು. “ಮುಗೀತು” ಎಂದು ಗುಮಾಸ್ತರು ನಕ್ಕರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಿಟಕಿಗಳನ್ನೆಲ್ಲ ತೆರೆದರು. ಗುಂಗುರುವಿನ ಕಾಲುಚೀಲವನ್ನು ಕಡ್ಡಿಯಿಂದ ಎತ್ತಿ ಕಸದ ಬುಟ್ಟಿಗೆ ಹಾಕಿದರು. ಮಂಚವನ್ನು ಇಂಚಿಂಚಾಗಿ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ ಎಳೆದು, ನಲವತ್ತೊಂದು ದಿನದ ಹಿಂದೆ ಇದ್ದ ಜಾಗದಲ್ಲೇ ಇಟ್ಟರು. ಹೊಸ ಹಾಸು ಹಾಸಿದರು. ಮಲಗಿದರು. ಮನೆಯಲ್ಲಿ ಯಾರೂ ಕೆಮ್ಮಲಿಲ್ಲ. ಎಷ್ಟು ಸುಖವೆಂದರೆ ಅವರಿಗೆ ಅಳು ಬಂತು, ಅಳುತ್ತಲೇ ನಿದ್ದೆಯೂ ಬಂತು.

ಹತ್ತು ನಿಮಿಷ ಕಳೆದಿರಬಹುದು. ಬಾಗಿಲಿಗೆ ಬೀಗದ ಕೈ ಹಾಕಿದ ಸದ್ದಾಯಿತು.

ಅಣ್ಣ ಒಳಗೆ ಬಂದ. ಹಿಂದೆ ಗುಂಗುರು, ಅವನ ಹಿಂದೆ ಕೆಮ್ಮು. ಅವರ ಹಿಂದೆ ಕುತೂಹಲ ತಡೆಯದ ಟೀಚರಮ್ಮ. ಅಣ್ಣ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿದ. ಈ ಸಲ ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ಮಾವ, ನೀವು ಮನುಷ್ಯರಲ್ಲ, ದೇವರು. ನಮ್ಮಪ್ಪ ಕೂಡ ನನಗೆ ಒಂದು ದಿನಾನೂ ಜಾಮೀನು ನಿಂತಿರ್ಲಿಲ್ಲ. ನೀವು ಮನೆ ಕಾಗದಾನೇ ಕೋರ್ಟಿಗೆ ಕೊಟ್ಟು ನಮ್ಮನ್ನ ಬಿಡಿಸಿದ್ರಲ್ಲ! ನಮ್ಮ ವಕೀಲರು ಹೇಳ್ದಾಗ ನಾನು ನಂಬಲೇ ಇಲ್ಲ.”

ಗುಮಾಸ್ತರು ಕನ್ನಡಕಕ್ಕಾಗಿ ತಡಕಾಡಿದರು. ಟೀಚರಮ್ಮ ಅಣ್ಣನ ಕೈಯಿಂದ ಆದೇಶದ ಪ್ರತಿ ಕಿತ್ತುಕೊಂಡು ಗಟ್ಟಿಯಾಗಿ ಓದಿದರು: “‘ಆರೋಪಿಗಳು ಪ್ರಕರಣ ಇತ್ಯರ್ಥವಾಗುವವರೆಗೆ ಜಾಮೀನುದಾರರ ಮೇಲ್ಕಂಡ ಮನೆಯಲ್ಲಿಯೇ ವಾಸವಾಗಿರತಕ್ಕದ್ದು. ಸದರಿಯವರು ಮನೆಯನ್ನು ತೊರೆದಲ್ಲಿ ಜಾಮೀನುದಾರರ ಮನೆಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು.’”

ಅವರು ಮತ್ತೊಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸಿದರು. ಕಾಗದ ಮಡಚಿ ನಿಧಾನವಾಗಿ ಹಿಂದಕ್ಕೆ ಕೊಟ್ಟರು. “ವ್ಯಾಕರಣ ಸರಿಯಾಗಿದೆ ಗುಮಾಸ್ತರೇ. ಅರ್ಥವೂ ಒಂದೇ” ಎಂದರು.

“ಕೇಸು… ಯಾವಾಗ?”

“ಮುಂದಿನ ತಾರೀಕು ಎಂಟು ತಿಂಗಳ ಮೇಲೆ ಮಾವ,” ಎಂದ ಅಣ್ಣ. “ಅವತ್ತು ಮುಗಿಯತ್ತೆ ಅಂತಲ್ಲ. ಈ ವಕೀಲರು ನಡೆಸಿದ ಹಿಂದಿನ ಕೇಸು ಹನ್ನೊಂದು ವರ್ಷ ಬಂತಂತೆ. ನೀವೇನೂ ಯೋಚನೆ ಮಾಡ್ಬೇಡಿ, ನಾವಿದೀವಲ್ಲ.”

ಅಷ್ಟರಲ್ಲಿ ಕೆಮ್ಮಿನವನು ಗೂಡಿನಿಂದ ತನ್ನ ಬ್ಯಾಗು ತೆಗೆದುಕೊಂಡ. “ನಾನು ಒಲ್ಲೆ ಅಣ್ಣ. ಪೊಲೀಸು, ಕೋರ್ಟು, ನನಗೆ ಈ ಸಹವಾಸ ಸಾಕಾಯ್ತು. ನಮ್ಮ ಅಕ್ಕನ ಮನೆಗೆ ಹೋಗ್ತೀನಿ. ಇನ್ನು ಮೇಲೆ ಒಳ್ಳೆಯವನಾಗಿ ಬದುಕ್ತೀನಿ” ಎಂದು ಕೆಮ್ಮುತ್ತ ಮೆಟ್ಟಿಲಿಳಿದೇಬಿಟ್ಟ.

ಒಬ್ಬ ಕಳ್ಳ ತಾನಾಗಿ ಮನೆ ಬಿಟ್ಟು ಹೋಗುತ್ತಿದ್ದಾನೆ! ನಲವತ್ತೊಂದು ದಿನ ಗುಮಾಸ್ತರು ಇದಕ್ಕೇ ಕಾದಿದ್ದರು. ಈಗ ಅವರು ಮಂಚದಿಂದ ಹಾರಿ, ಚಪ್ಪಲಿಯೂ ಇಲ್ಲದೆ, ಎಡಗಾಲು ಎಳೆದುಕೊಂಡು ಮೂರು ಮಹಡಿ ಇಳಿದು ಓಡಿದರು. ಬೀದಿಯ ತಿರುವಿನಲ್ಲಿ ಬಸ್ಸು ಹತ್ತಲು ಒಂದು ಕಾಲೆತ್ತಿದ್ದವನ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಬಾಯಿಂದ ಮೂರು ವರ್ಷದಲ್ಲಿ ಮೊದಲ ಸಲ ಒಂದು ಪೂರ್ತಿ ಮಾತು ಹೊರಟಿತು.

“ಹೋಗಬೇಡಪ್ಪ! ಮಂಚ ನಿನಗೇ ಕೊಡ್ತೀನಿ, ಕಿಟಕಿ ಪಕ್ಕದಲ್ಲಿ ಹಾಕಿಸ್ತೀನಿ, ದಿನಾ ಬಿಸಿನೀರು ಕಾಯಿಸ್ಕೊಡ್ತೀನಿ, ನಿನ್ನ ಕಾಲು ಹಿಡೀತೀನಿ, ಮನೆ ಬಿಟ್ಟು ಮಾತ್ರ ಎಲ್ಲಿಗೂ ಹೋಗಬೇಡ!”

ಬಸ್ಸಿನಲ್ಲಿದ್ದವರೆಲ್ಲ ಕತ್ತು ಹೊರಗೆ ಹಾಕಿದರು. “ಏನಯ್ಯಾ, ವಯಸ್ಸಾದವರು ಅಷ್ಟು ಕೇಳ್ಕೊಳ್ತಾ ಇದಾರೆ, ಕರುಳು ಕಲ್ಲಾ ನಿನ್ನದು?” ಎಂದು ಕಂಡಕ್ಟರು ಬೈದು ಅವನನ್ನು ಕೆಳಗಿಳಿಸಿದ. ಗುಮಾಸ್ತರು ಅವನ ಬ್ಯಾಗು ತಾವೇ ಹೊತ್ತು, ಕೈ ಹಿಡಿದು ಮನೆಗೆ ಕರೆತಂದರು. ಮೆಟ್ಟಿಲ ಬುಡದಲ್ಲಿ ಕಾರ್ಯದರ್ಶಿಗಳು ನಿಂತು ನೋಡಿ, ರಕ್ತಸಂಬಂಧ ಅಂದರೆ ಇದು ಎಂದು ಹೆಂಡತಿಗೆ ತೋರಿಸಿದರು.

ಕೆಮ್ಮಿನವನನ್ನು ಮಂಚದ ಮೇಲೆ ಮಲಗಿಸಿ, ಹೊದಿಸಿ, ಕಿಟಕಿ ಮುಚ್ಚಿ ಗುಮಾಸ್ತರು ಹೊರಗೆ ಬಂದರು. ಅಣ್ಣನೂ ಗುಂಗುರುವೂ ಹಜಾರದಲ್ಲಿ ಕಾಲು ಚಾಚಿ ಕೂತಿದ್ದರು. ಒಬ್ಬ, ಇಬ್ಬರು, ಒಳಗೊಬ್ಬ; ಮೂವರೂ ಇದ್ದಾರೆ. ಆಮೇಲೆ ಬಚ್ಚಲ ಮುಂದಿನ ಚಾಪೆಯನ್ನು ತಂದು, ಮುಂಬಾಗಿಲ ಒಳಗೆ ಹೊಸಿಲಿಗೆ ಅಡ್ಡಲಾಗಿ ಹಾಸಿದರು. ಬಾಗಿಲಿಗೆ ಬೆನ್ನು ಕೊಟ್ಟು ಮಲಗಿದರು. ಯಾರಾದರೂ ಹೊರಗೆ ಹೋಗಬೇಕಾದರೆ ಅವರನ್ನು ತುಳಿದುಕೊಂಡೇ ಹೋಗಬೇಕಿತ್ತು.